ಸಂಶೋಧನೆಯ ಎಣಿಕೆಯೂ ಅದರ ತೂಕವೂ

ಶ್ರೀಮಠದ ಸದ್ಭಕ್ತರೊಬ್ಬರು ಈಚೆಗೆ ಮಗಳೊಡನೆ ಕಾರ್ಯಾಲಯಕ್ಕೆ ಬಂದಿದ್ದರು. ಸಿಇಟಿ ಬರೆದಿದ್ದ ಆ ಹುಡುಗಿಗೆ ಮೂಡುಬಿದಿರೆಯ ಕಡೆ ಇಂಜಿನಿಯರಿಂಗ್ ಓದುವ ಆಸೆ. ತಂದೆಯ ಕೈಯಲ್ಲಿದ್ದುದು ಬೇರೊಂದು ಜಿಲ್ಲೆಯ ಕಾಲೇಜಿನ ಕರಪತ್ರ. ನೂರಾರು ಸಂಶೋಧನ ಲೇಖನಗಳು, ಹತ್ತಾರು ಪೇಟೆಂಟುಗಳು ಎಂದು ಅದರಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. "ಸರ, ಇದನ್ನ ನಂಬಿ ಸಾಲ ಮಾಡಿ ಫೀ ಕಟ್ಟಬಹುದೇನ್ರಿ?" ಎಂದು ಅವರು ಕೇಳಿದರು. ಈ ಪ್ರಶ್ನೆ ಅವರೊಬ್ಬರದಲ್ಲವಾದ್ದರಿಂದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳು ಒಂದಕ್ಕೊಂದು ಹೊಂದಿಕೊಂಡ ಸೀಮೆಗಳು. ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಎಸ್‌ಡಿಎಂ ತಾಂತ್ರಿಕ ಮಹಾವಿದ್ಯಾಲಯವೂ ಮೂಡುಬಿದಿರೆಯ ಸಮೀಪದ ಬಡಗ ಮಿಜಾರಿನಲ್ಲಿ 'ಮೈಟ್' ಕಾಲೇಜೂ 2007ರಲ್ಲಿ ಆರಂಭವಾದವು. ಮಿಜಾರಿನ ಆಳ್ವಾಸ್ ತಾಂತ್ರಿಕ ಸಂಸ್ಥೆ 2008ರದು. ಈ ಮೂರೂ ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿವೆ. ಸುರತ್ಕಲ್ಲಿನಲ್ಲಿ 1960ರಿಂದ ಇರುವ, ಈಗ ಎನ್‌ಐಟಿಕೆ ಎನಿಸಿರುವ ಕೇಂದ್ರೀಯ ಸಂಸ್ಥೆಯೊಡನೆ ಇಂತಹ ಕಿರಿಯ ಸಂಸ್ಥೆಗಳನ್ನು ಲೇಖನಗಳ ಸಂಖ್ಯೆಯಿಂದ ಹೋಲಿಸುವುದು ನ್ಯಾಯವಲ್ಲ. ಪಾಠ ಹೇಳುವುದೇ ಇಲ್ಲಿ ಮೊದಲ ಕರ್ತವ್ಯ. ಸಂಶೋಧನೆ ನಡೆಯಬೇಕಾದುದು ಅದರ ನಡುವಿನ ಬಿಡುವಿನಲ್ಲಿ.

ಆದರೂ ಕಾಲೇಜುಗಳು ಸಂಖ್ಯೆಯನ್ನು ಮುಂದಿಡಲು ಕಾರಣವಿದೆ. 2016ರಿಂದ ಪ್ರಕಟವಾಗುತ್ತಿರುವ ರಾಷ್ಟ್ರೀಯ ರ‍್ಯಾಂಕಿಂಗ್ ಪಟ್ಟಿಯ ಇಂಜಿನಿಯರಿಂಗ್ ವಿಭಾಗದಲ್ಲಿ 100ಕ್ಕೆ 30 ಅಂಕಗಳು ಸಂಶೋಧನೆ ಮತ್ತು ವೃತ್ತಿಪರ ಕಾರ್ಯಕ್ಕೆ ಮೀಸಲು. ಆದ್ದರಿಂದ ಸಂಖ್ಯೆಯ ಹಿಂದಿನ ಅರ್ಥವನ್ನು ಪೋಷಕರು ಅರಿತಿರಬೇಕು.

ಲೇಖನವೆಂದರೆ, ಅದೇ ವಿಷಯದ ಇತರ ವಿದ್ವಾಂಸರು ಪರಿಶೀಲಿಸಿ ಒಪ್ಪಿದ ಬಳಿಕ ನಿಯತಕಾಲಿಕದಲ್ಲಿ ಪ್ರಕಟವಾಗುವ ಬರಹ. ಆದರೆ ಹಣ ಪಡೆದು, ಪರಿಶೀಲನೆಯ ಶಾಸ್ತ್ರ ಮಾತ್ರ ಮುಗಿಸಿ ಅಚ್ಚು ಹಾಕುವ ಪತ್ರಿಕೆಗಳೂ ಇವೆ. ಬೇರೆಯವರು ಆ ಲೇಖನವನ್ನು ಆಧರಿಸಿ ಕೆಲಸ ಮುಂದುವರಿಸಿದ್ದಾರೆಯೇ ಎಂಬುದು ಅದರ ಒಂದು ಒರೆಗಲ್ಲು.

ಪೇಟೆಂಟಿನ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಅರ್ಜಿ ಸಲ್ಲಿಸಿದ 18 ತಿಂಗಳ ಬಳಿಕ ಅದು ಪೇಟೆಂಟ್ ಕಚೇರಿಯ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಹೆಚ್ಚುವರಿ ಶುಲ್ಕ ಕಟ್ಟಿದರೆ ಅದಕ್ಕೂ ಮೊದಲೇ. ಪ್ರಕಟವಾದ ಮಾತ್ರಕ್ಕೆ ಪೇಟೆಂಟ್ ದೊರೆಯಿತೆಂದು ಅರ್ಥವಲ್ಲ. ಪರೀಕ್ಷಕರು ಅದರ ಹೊಸತನವನ್ನು ಒಪ್ಪಿ ಮಂಜೂರು ಮಾಡಿದ ಮೇಲಷ್ಟೇ ಹಕ್ಕು ಸಿದ್ಧಿಸುತ್ತದೆ. ಅದರ ಅವಧಿ ಅರ್ಜಿಯ ದಿನದಿಂದ 20 ವರ್ಷ. ಕರಪತ್ರದಲ್ಲಿರುವ ಪೇಟೆಂಟುಗಳಲ್ಲಿ ಮಂಜೂರಾದವು ಎಷ್ಟು ಎಂದು ಕೇಳುವ ಹಕ್ಕು ಪೋಷಕರಿಗಿದೆ.

ಇನ್ನು ತೂಕದ ಮಾತು. ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿ 1956ರಲ್ಲಿ ಅಡಕೆ ಸಂಶೋಧನ ಕೇಂದ್ರ ಸ್ಥಾಪನೆಯಾಯಿತು. ಅಲ್ಲಿ ಬೆಳೆಸಿ ನೋಡಿದ, ಚೀನಾ ಮೂಲದ 'ಮಂಗಳ' ತಳಿ ರೈತರಿಗೆ ಬಿಡುಗಡೆಯಾದುದು 1972ರಲ್ಲಿ. ಅಡಕೆ ಗಿಡ ಫಲ ಕೊಡಲು ವರ್ಷಗಳೇ ಬೇಕು. ಆ ಫಸಲನ್ನು ಅಳೆದು ನಿರ್ಧರಿಸಲು ಇನ್ನಷ್ಟು ವರ್ಷಗಳು. ವರ್ಷಕ್ಕೆಷ್ಟು ಲೇಖನ ಎಂದು ಎಣಿಸುವವರ ಕಣ್ಣಿಗೆ ಆ ತಾಳ್ಮೆ ಕಾಣಿಸದು. ತೋಟದ ರೈತರಿಗೆ ಕಾಣಿಸುತ್ತದೆ.

ಅದೇ ತಾಲ್ಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಅಡಕೆ ಮರ ಏರುವ ಪೆಟ್ರೋಲ್ ಯಂತ್ರವನ್ನು ರೂಪಿಸಿ 2019ರಲ್ಲಿ ನಾಡಿನ ಗಮನ ಸೆಳೆದರು. ಅದು ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ, ಅಗತ್ಯದಲ್ಲಿ. ಕೊಳೆರೋಗ ತಡೆಯಲು ಮಳೆಗಾಲದಲ್ಲಿ ಮತ್ತೆ ಮತ್ತೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಪಾಚಿ ಕಟ್ಟಿದ ಮರದಿಂದ ಜಾರಿ ಬಿದ್ದವನ ಸೊಂಟ ಮುರಿದರೆ ಇಡೀ ಸಂಸಾರವೇ ನೆಲ ಹಿಡಿಯುತ್ತದೆ. ಮರ ಏರಬಲ್ಲವರೂ ಈಗ ವಿರಳ. ಇಂತಹ ಯಂತ್ರದ ಬ್ರೇಕು ಒದ್ದೆ ಮರದ ಮೇಲೆ ಎಷ್ಟು ಭಾರ ತಡೆದೀತು, ತೂಕ ಇನ್ನೆಷ್ಟು ತಗ್ಗಿಸಬಹುದು, ಸಣ್ಣ ರೈತನಿಗೆ ನಿಲುಕುವ ಬೆಲೆಗೆ ತರುವುದು ಹೇಗೆ? ಕಿರಿಯ ತಾಂತ್ರಿಕ ಕಾಲೇಜಿಗೆ ಇದಕ್ಕಿಂತ ಯೋಗ್ಯವಾದ ಸಂಶೋಧನ ಪ್ರಶ್ನೆ ಯಾವುದಿದೆ? ಬೆಂಗಳೂರಿನ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅಂತಿಮ ವರ್ಷದ ವಿದ್ಯಾರ್ಥಿಗಳ ಯೋಜನೆಗಳಿಗೆ ದಶಕಗಳಿಂದ ಧನಸಹಾಯ ನೀಡುತ್ತ ಬಂದಿದೆ. ದಾರಿ ಇದೆ; ನಡೆಯುವವರು ಬೇಕು.

ಆ ತಂದೆಗೆ ನಾವು ಹೇಳಿದ್ದಿಷ್ಟು: "ಮಗಳನ್ನು ಕರೆದುಕೊಂಡು ಕಾಲೇಜಿಗೇ ಹೋಗಿ. ಹೋದ ವರ್ಷದ ವಿದ್ಯಾರ್ಥಿಗಳು ಮಾಡಿದ ಒಂದು ಯಂತ್ರವನ್ನು ನಡೆಸಿ ತೋರಿಸಲು ಕೇಳಿ. ಅದು ಕಾಲೇಜಿನ ಹೊರಗೆ ಯಾರ ಕೈಗೆ ಸೇರಿತು, ವಿಫಲವಾದಾಗ ಏನು ತಿದ್ದಿದರು ಎಂದು ವಿಚಾರಿಸಿ. ಮೇಷ್ಟ್ರು ಸಂಕೋಚವಿಲ್ಲದೆ ಸೋಲನ್ನೂ ವಿವರಿಸಿದರೆ ಅಲ್ಲಿ ಸಂಶೋಧನೆ ನಡೆಯುತ್ತಿದೆ ಎಂದು ತಿಳಿಯಿರಿ."

ಶ್ರೀಮಠದ ವಿದ್ಯಾಸಂಸ್ಥೆಗಳಿಗೂ ಈ ಅಳತೆಯೇ ಅನ್ವಯಿಸಬೇಕು. ನುಡಿದುದನ್ನು ನಡೆದು ತೋರಿಸುವುದೇ ಕಾಯಕವೆಂದು ಬೋಧಿಸುವ ನಾವು, ನಮ್ಮ ಕರಪತ್ರಗಳನ್ನು ಮೊದಲು ಓದಿಕೊಳ್ಳೋಣ.