ಲೈಫ್ ಕೋಚ್‌ಗೆ ದುಡ್ಡು ಕೊಡುವ ಮುನ್ನ

ಇನ್‌ಸ್ಟಾಗ್ರಾಂ ತೆರೆದರೆ ಸಾಕು, ‘ನಿಮ್ಮ ಬದುಕನ್ನೇ ಬದಲಿಸ್ತೀನಿ’ ಎನ್ನುವ ಲೈಫ್ ಕೋಚ್‌ಗಳ ಸಾಲು. ಕೊಟ್ಟ ದುಡ್ಡಿಗೆ ಏನಾದರೂ ಗಿಟ್ಟುತ್ತದೆಯೇ?

ಅಮೆರಿಕದ ಶಸ್ತ್ರವೈದ್ಯ, ಲೇಖಕ ಅತುಲ್ ಗವಾಂಡೆ ಅವರಿಗಂತೂ ಕೋಚ್ ಒಬ್ಬರಿಂದ ಲಾಭವಾಯಿತು. ತಮ್ಮ ಕೈಚಳಕ ಇನ್ನು ಬೆಳೆಯುತ್ತಿಲ್ಲ ಅನ್ನಿಸಿದಾಗ ಅವರು ನಿವೃತ್ತ ಗುರುಗಳನ್ನು ಆಪರೇಷನ್ ಥಿಯೇಟರಿಗೇ ಕರೆದರು. ಗುರುಗಳು ಸುಮ್ಮನೆ ನಿಂತು ನೋಡಿದರು, ಟಿಪ್ಪಣಿ ಬರೆದುಕೊಂಡರು. ಮೊಣಕೈ ಮೇಲೇಳುತ್ತಿತ್ತು, ದೀಪದ ಬೆಳಕು ಗಾಯದಿಂದ ಆಚೆ ಸರಿದಿತ್ತು ಎಂದು ತೋರಿಸಿಕೊಟ್ಟರು. ಇದನ್ನು ಗವಾಂಡೆ 2011ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬರೆದರು.

ಗಮನಿಸಿ: ಆ ಗುರುಗಳಿಗೆ ಕಸುಬು ಗೊತ್ತಿತ್ತು, ತಿದ್ದಬೇಕಾದ್ದೂ ಕಣ್ಣೆದುರೇ ಇತ್ತು.

ರೀಲ್‌ಗಳ ಕೋಚ್‌ಗಳಲ್ಲಿ ಈ ಎರಡೂ ಇರುತ್ತವೆಂಬ ಖಾತರಿಯಿಲ್ಲ. ಭಾರತದಲ್ಲಿ ಲೈಫ್ ಕೋಚ್ ಎಂದು ಬೋರ್ಡು ಹಾಕಲು ಪರವಾನಗಿಯೇ ಬೇಕಿಲ್ಲ. 1995ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ತನ್ನ ಮೊದಲ ಹಂತದ ಪ್ರಮಾಣಪತ್ರಕ್ಕೆ ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಕೇಳುತ್ತದೆ. ಆದರೆ ಅದನ್ನು ಪಡೆಯಲೇಬೇಕೆಂಬ ಕಾನೂನಿಲ್ಲ.

ಹಾಗಾಗಿ ಕೆಲಸ ಬದಲಿಸುವುದು, ಸಭೆಯಲ್ಲಿ ಮಾತಾಡುವುದು, ಹೀಗೆ ಗುರಿ ಖಚಿತವಾಗಿದ್ದರೆ, ಆ ಕ್ಷೇತ್ರ ಬಲ್ಲ ಕೋಚ್ ಸಿಕ್ಕರೆ, ಖರ್ಚು ಮಾಡಬಹುದು. ಪೂರ್ತಿ ಪ್ಯಾಕೇಜಿನ ಹಣ ಮುಂಗಡವಾಗಿ ಕೇಳಿದರೆ ಮಾತ್ರ ಜೇಬು ಗಟ್ಟಿಯಾಗಿ ಹಿಡಿದುಕೊಳ್ಳುವುದು ಮೇಲು!

ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ ವಾರಗಟ್ಟಲೆ ಕಳೆಯುತ್ತಿರುವವರಿಗೆ ಬೇಕಾದದ್ದು ಕೋಚ್ ಅಲ್ಲ, ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಅದೂ ಉಚಿತವಾಗಿ.