ಹೆಗ್ಗಣಕ್ಕೆ ಪಾಷಾಣ ಬೇಡ, ಕಸಕ್ಕೆ ಮುಚ್ಚಳ ಹಾಕಿ

ಮಾಗಡಿ ರಸ್ತೆ ಕಾಮಾಕ್ಷಿಪಾಳ್ಯದಲ್ಲಿ ನನ್ನ ಮಗಳ ಮನೆ. ರಾತ್ರಿ ಬಾಗಿಲಲ್ಲಿಟ್ಟ ಕಸದ ಚೀಲವನ್ನು ಹೆಗ್ಗಣ ಹರಿದು, ನಾಯಿ ಎಳೆದಾಡೋದು ದಿನದ ಗೋಳು. ಪಕ್ಕದವರು ಪಾಷಾಣ ಇಟ್ಟರು. ಒಂದು ಹೆಗ್ಗಣ ಬಿಲದಲ್ಲೇ ಸತ್ತು ವಾರವೆಲ್ಲ ನಾರಿತು. ಇನ್ನೊಂದನ್ನು ತಿಂದ ಬೆಕ್ಕೂ ಸತ್ತಿತು. ಖಾಲಿ ಬಿಲಕ್ಕೆ ಹೊಸ ಹೆಗ್ಗಣ ಬಂತು. ಕೂಳು ಸಿಗೋ ತನಕ ಅವು ಬರೋದೇ.

ನಾವು ಮಾಡಿದ್ದಿಷ್ಟು. ಹಸಿ ಕಸ, ಒಣ ಕಸ ಬೇರೆ ಮಾಡಬೇಕೆಂಬ ನಿಯಮ ಬೆಂಗಳೂರಲ್ಲಿ 2012ರಿಂದಲೇ ಇದೆ. ಹಸಿ ಕಸವನ್ನು ಬಿಗಿ ಮುಚ್ಚಳದ ತಗಡಿನ ಡಬ್ಬಕ್ಕೆ ಹಾಕಿದೆವು. ಪ್ಲಾಸ್ಟಿಕ್ಕಾದರೆ ಹೆಗ್ಗಣ ಕಡಿಯುತ್ತದೆ. ಮೇಲೊಂದು ಹಿಡಿ ಒಣ ತರಗು ಹಾಕಿದರೆ ವಾಸನೆ ತಗ್ಗುತ್ತದೆ. ರಾತ್ರಿ ಡಬ್ಬ ಒಳಗೆ, ಗಾಡಿ ಬಂದಾಗಲೇ ಹೊರಗೆ. ಮೋರಿ ಬಾಯಿಗೆ ತಂತಿ ಜಾಲರಿ.

ಹಿಂದಿನವರು ರಾಗಿ ಹಗೇವಿನ ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರಲ್ಲ, ಇದೂ ಅದೇ ಉಪಾಯ. ಕೊಲ್ಲೋದಕ್ಕಿಂತ ಮುಚ್ಚೋದು ಸುಲಭ.