ಚಕ್ರಕ್ಕೂ ಒಂದು ಚರ್ಮವಿದೆ

ನಾಳೆ ಶಾಲೆಗೆ ಹೋದಾಗ ಅಂಗಳದಲ್ಲಿ ನಿಲ್ಲಿಸಿದ ಬೈಕುಗಳ ಚಕ್ರಗಳನ್ನು ಒಮ್ಮೆ ಬಗ್ಗಿ ನೋಡಿ. ಕಡ್ಡಿ ಚಕ್ರವಾದರೆ ಹೊಳೆಯುವ ರಿಮ್ಮಿನ ಮೇಲೆ ಕೆಂಪು ಚುಕ್ಕೆಗಳು ಕಾಣಬಹುದು. ಅಲಾಯ್ ಚಕ್ರವಾದರೆ ಬಣ್ಣ ಎದ್ದ ಕಡೆ ಬಿಳಿ ಹುಡಿ ಇರಬಹುದು. ಮಂಜೇಶ್ವರ, ಕುಂಬಳೆ, ಕಾಸರಗೋಡು ಅಂತ ಕಡಲಿನ ಬದಿಯಲ್ಲೇ ಓಡಾಡುವ ನಮಗೆ ಇದು ಹೊಸತಲ್ಲ. "ಚೆನ್ನಾಗಿ ಉಜ್ಜಿ ತೊಳೆದರೆ ಆಯ್ತು" ಅಂತ ನಾನೂ ಅಂದುಕೊಂಡಿದ್ದೆ.

ಒಂದು ಭಾನುವಾರ ನನ್ನ ಬೈಕಿನ ಅಲಾಯ್ ಚಕ್ರದ ಕೊಳೆ ಎಷ್ಟು ಉಜ್ಜಿದರೂ ಹೋಗಲಿಲ್ಲ. ಶೌಚಾಲಯ ತೊಳೆಯುವ ಆಸಿಡ್ ಮನೆಯಲ್ಲಿತ್ತು, ಸ್ವಲ್ಪ ಹಚ್ಚಿದೆ. ಕೊಳೆಯೇನೋ ಹೋಯಿತು. ಆದರೆ ವಾರ ಕಳೆಯುವಷ್ಟರಲ್ಲಿ ಬಣ್ಣ ಅಲ್ಲಲ್ಲಿ ಉಬ್ಬಿ, ಅಡಿಯಲ್ಲಿ ಬಿಳಿ ಕಲೆಗಳು ಎದ್ದವು. ಒಂಬತ್ತನೇ ತರಗತಿಯ ಹುಡುಗನೊಬ್ಬ ನೋಡಿ, "ಸರ್, ನಿಮ್ಮ ಚಕ್ರಕ್ಕೆ ಚಿಬ್ಬು ಬಿದ್ದಿದೆ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮ್ಲ ಮತ್ತು ಲೋಹದ ಪಾಠ ಮಾಡುವವನೇ ಹೀಗೆ ಮಾಡಿದೆನಲ್ಲ ಅಂತ ಆಮೇಲೆ ನಾಚಿಕೆಯೂ ಆಯಿತು. ಹುಡುಗ ಹೇಳಿದ್ದು ಸರಿ. ಕೆಟ್ಟದ್ದು ಚಕ್ರದ ಚರ್ಮವೇ.

ಯಾವ ಚರ್ಮ?

ಅಲಾಯ್ ಚಕ್ರ ಅಂದರೆ ಅಲ್ಯೂಮಿನಿಯಂ ಮಿಶ್ರಲೋಹ. ಕ್ರಿಯಾಶೀಲತೆಯ ಸರಣಿಯಲ್ಲಿ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಮೇಲಿದೆ. ಹಾಗಾದರೆ ಅದು ಕಬ್ಬಿಣಕ್ಕಿಂತ ಬೇಗ ಹಾಳಾಗಬೇಕಿತ್ತಲ್ಲ? ಗಾಳಿ ತಾಗಿದ ಕೂಡಲೇ ಅದರ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಬೆಳೆದು ಲೋಹಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಒಳಗಿನ ಲೋಹವನ್ನು ಕಾಯುವುದು ಅದೇ. ಕಂಪನಿಯವರು ಅದರ ಮೇಲೆ ಬಣ್ಣ ಹಚ್ಚಿರುತ್ತಾರೆ. ಕಲ್ಲು ತಾಗಿ ಬಣ್ಣ ಎದ್ದಲ್ಲಿ ಆಕ್ಸೈಡ್ ಪದರವೊಂದೇ ಆಸರೆ.

ಆದರೆ ಅಲ್ಯೂಮಿನಿಯಂ ಆಕ್ಸೈಡ್ ಉಭಯಧರ್ಮಿ. ಆಮ್ಲದಲ್ಲೂ ಕರಗುತ್ತದೆ, ಪ್ರತ್ಯಾಮ್ಲದಲ್ಲೂ ಕರಗುತ್ತದೆ. ಪಿಎಚ್ ಸುಮಾರು 4ರಿಂದ 8.5ರ ಒಳಗಿದ್ದರೆ ಮಾತ್ರ ಅದು ಗಟ್ಟಿಯಾಗಿ ನಿಲ್ಲುತ್ತದೆ. ಹಾಗಾಗಿ ಹೈಡ್ರೋಕ್ಲೋರಿಕ್ ಆಮ್ಲವಿರುವ ದ್ರಾವಣವೂ ಬೇಡ, ವಾಷಿಂಗ್ ಸೋಡಾ ಕದಡಿದ ನೀರೂ ಬೇಡ.

ಕಡ್ಡಿ ಚಕ್ರದ ಕತೆ ಬೇರೆ. ಅಲ್ಲಿ ಸಾಮಾನ್ಯವಾಗಿ ರಿಮ್ ಉಕ್ಕಿನದು, ಅದರ ಮೇಲೆ ನಿಕ್ಕಲ್, ಅದರ ಮೇಲೆ ಕ್ರೋಮಿಯಂ ಲೇಪನ. ನಮಗೆ ಕಾಣುವ ಕ್ರೋಮಿಯಂ ಹೆಚ್ಚಾಗಿ ಒಂದು ಮೈಕ್ರೋಮೀಟರಿಗಿಂತಲೂ ತೆಳು. ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ಬಿರುಕುಗಳೂ ಇರುತ್ತವೆ. ಕೆಳಗಿನ ನಿಕ್ಕಲ್ ಕೂಡ ಎಲ್ಲಾದರೂ ತೂತಾದರೆ ನೀರು ಉಕ್ಕನ್ನು ಮುಟ್ಟುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಒಳಗಿನಿಂದ ಉಬ್ಬಿ ಲೇಪನವನ್ನೇ ಎಬ್ಬಿಸಿಬಿಡುತ್ತದೆ.

ಉಪ್ಪು ಮಾಡುವ ಕೆಲಸ

ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದನ್ನು ನೋಡಿದ್ದೀರಲ್ಲ? ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75 ದಾಟಿದರೆ ಸೋಡಿಯಂ ಕ್ಲೋರೈಡ್ ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಕಡಲಿನ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಇನ್ನೂ ಬೇಗ ಒದ್ದೆಯಾಗುತ್ತದೆ. ಕಡಲ ಗಾಳಿ ಚಕ್ರದ ಮೇಲೆ ಕೂರಿಸಿದ ಉಪ್ಪಿಗೂ ಇದೇ ಆಗುವುದು. ಮಳೆ ಬಾರದಿದ್ದರೂ ಲೋಹದ ಮೇಲೆ ತೆಳುವಾದ ಉಪ್ಪುನೀರಿನ ಪೊರೆ ನಿಲ್ಲುತ್ತದೆ. ಆ ನೀರು ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದರಿಂದ ತುಕ್ಕಿನ ಕ್ರಿಯೆ ಚುರುಕಾಗುತ್ತದೆ. ಕ್ಲೋರೈಡ್ ಅಯಾನುಗಳು ಆಕ್ಸೈಡ್ ಪದರವನ್ನೂ ಅಲ್ಲಲ್ಲಿ ಭೇದಿಸುತ್ತವೆ. ಬೈಕನ್ನು ಮಾಡಿನ ಅಡಿಯಲ್ಲೇ ನಿಲ್ಲಿಸುತ್ತೇನೆ, ಆದರೂ ತುಕ್ಕು ಯಾಕೆ ಅಂತ ಕೇಳುವವರಿಗೆ ಉತ್ತರ ಇದು. ಮಾಡು ಮಳೆಯನ್ನು ತಡೆಯುತ್ತದೆ, ಉಪ್ಪನ್ನು ತೊಳೆಯುವುದಿಲ್ಲ.

ತೊಳೆಯುವುದು ಹೇಗೆ?

ಬೈಕನ್ನು ನೆರಳಿನಲ್ಲಿ ನಿಲ್ಲಿಸಿ, ಚಕ್ರ ತಣಿಯಲು ಬಿಡಿ. ಮೊದಲು ಬರೀ ನೀರು ಹೊಯ್ಯಿರಿ. ಮರಳು, ಕೆಸರು ಹೋಗುವ ಮೊದಲು ಬಟ್ಟೆಯಿಂದ ಉಜ್ಜಿದರೆ ಬಣ್ಣಕ್ಕೆ ಗೀರು ಬೀಳುತ್ತದೆ. ಉಪ್ಪು ಬರುವ ಬಾವಿಯ ನೀರು ಬೇಡ. ಆಮೇಲೆ ಬಕೆಟ್ ನೀರಿಗೆ ವಾಹನ ತೊಳೆಯುವ ಶಾಂಪೂ ಸ್ವಲ್ಪ ಹಾಕಿ, ಮೆದು ಬಟ್ಟೆಯಿಂದ ತೊಳೆಯಿರಿ. ಕಡ್ಡಿಗಳ ಬುಡಕ್ಕೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಗುಂಬದ ಬೇರಿಂಗಿಗೆ ನೇರವಾಗಿ ಜೋರು ನೀರು ಹೊಡೆಯಬೇಡಿ.

ಹಿಂದಿನ ಚಕ್ರಕ್ಕೆ ಚೈನಿನ ಎಣ್ಣೆ ಸಿಡಿದು ಕಪ್ಪಾಗಿದ್ದರೆ ಬಟ್ಟೆಗೆ ನಾಲ್ಕು ಹನಿ ಚಿಮಿಣಿ ಎಣ್ಣೆ ಹಾಕಿ ಒರೆಸಿ, ಕೂಡಲೇ ಶಾಂಪೂ ನೀರಿನಿಂದ ತೊಳೆಯಿರಿ. ಟೈರಿಗೆ ಅದು ತಾಗದಿರಲಿ, ರಬ್ಬರ್ ಉಬ್ಬಿ ಮೆದುವಾಗುತ್ತದೆ.

ಕ್ರೋಮಿಯಂ ಮೇಲಿನ ಕೆಂಪು ಚುಕ್ಕೆಗೆ ತಿಂಡಿ ಕಟ್ಟುವ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಯಂಗಿಂತ ಮೆದು. ಪಾತ್ರೆ ತಿಕ್ಕುವ ಕಬ್ಬಿಣದ ನಾರು ಬೇಡ, ಅದರ ಚೂರುಗಳು ಅಲ್ಲೇ ಉಳಿದು ತಾವೇ ತುಕ್ಕು ಹಿಡಿಯುತ್ತವೆ.

ಕೊನೆಗೆ ಒಣಬಟ್ಟೆಯಿಂದ ಪೂರ್ತಿ ಒರೆಸಿ, ರಿಮ್ಮಿಗೆ ಮೇಣದ ಪಾಲಿಶ್ ತೆಳುವಾಗಿ ಹಚ್ಚಿ. ಮೇಣ ನೀರನ್ನು ನಿಲ್ಲಗೊಡುವುದಿಲ್ಲ. ಡಿಸ್ಕ್, ಬ್ರೇಕಿನ ಭಾಗ ಮತ್ತು ಟೈರಿನ ನೆಲ ಮುಟ್ಟುವ ಭಾಗಕ್ಕೆ ಮೇಣವಾಗಲಿ ಎಣ್ಣೆಯಾಗಲಿ ಸ್ವಲ್ಪವೂ ತಾಗಬಾರದು. ಬ್ರೇಕು ಹಿಡಿಯುವುದು ಘರ್ಷಣೆಯಿಂದ, ಎಣ್ಣೆ ಕಡಿಮೆ ಮಾಡುವುದು ಅದನ್ನೇ. ತೊಳೆದ ಮೇಲೆ ನಿಧಾನವಾಗಿ ಓಡಿಸಿ ಎರಡು ಮೂರು ಸಲ ಬ್ರೇಕು ಒತ್ತಿ ನೋಡಿಯೇ ರಸ್ತೆಗೆ ಇಳಿಯಿರಿ.

ತರಗತಿಯಲ್ಲಿ

ಎಲೆಯಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ ತಿಳಿಯಾಗಲು ಬಿಡಿ. ಒಂದು ಲೋಟದಲ್ಲಿ ಆ ತಿಳಿನೀರು, ಇನ್ನೊಂದರಲ್ಲಿ ಶಾಂಪೂ ನೀರು ತೆಗೆದುಕೊಂಡು ಎರಡಕ್ಕೂ ಅಲ್ಯೂಮಿನಿಯಂ ಹಾಳೆಯ ತುಂಡು ಹಾಕಿ. ಸುಣ್ಣದ ನೀರಿನಲ್ಲಿ ಸ್ವಲ್ಪ ಹೊತ್ತಿಗೆ ಗುಳ್ಳೆಗಳು ಏಳುತ್ತವೆ, ಅದು ಹೈಡ್ರೋಜನ್. ಶಾಂಪೂ ನೀರಿನಲ್ಲಿ ಹಾಳೆ ಹಾಗೆಯೇ ಇರುತ್ತದೆ. ಮೂರನೆಯದಾಗಿ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಒಂದು ತುಂಡನ್ನು ನೀವೇ ಹಾಕಿ ತೋರಿಸಿ. ಮೊದಲು ಏನೂ ಆಗುವುದಿಲ್ಲ, ಆಮೇಲೆ ಗುಳ್ಳೆಗಳು ಜೋರಾಗುತ್ತವೆ. ಆ ಸುಮ್ಮನಿರುವ ಹೊತ್ತು ಯಾಕೆ ಅಂತ ಮಕ್ಕಳನ್ನೇ ಕೇಳಿ. ಆಕ್ಸೈಡ್ ಪದರ ಕರಗುವ ಹೊತ್ತು ಅದು. ಬೆಂಕಿ ಹತ್ತಿರ ಇರಬಾರದು, ಲೋಟಗಳ ಬಾಯಿ ಮುಚ್ಚಬಾರದು, ಕಣ್ಣಿಗೆ ಕನ್ನಡಕ ಇರಲಿ.

ಮಕ್ಕಳಿಗೆ ತಪ್ಪದೆ ಹೇಳಬೇಕಾದ್ದು

ಭಾನುವಾರ ಅಪ್ಪನ ಬೈಕು, ಅಣ್ಣನ ಬೈಕು ತೊಳೆಯುವವರು ಹೆಚ್ಚಾಗಿ ನಮ್ಮ ಮಕ್ಕಳೇ. ಬೈಕನ್ನು ನಡು ಸ್ಟ್ಯಾಂಡಿಗೆ ಹಾಕಿ, ಇಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ, ತಿರುಗುವ ಚಕ್ರಕ್ಕೆ ಬಟ್ಟೆ ಹಿಡಿಯುವ ಅಭ್ಯಾಸ ಕೆಲವರಿಗಿದೆ. ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಬಟ್ಟೆಯ ಒಂದು ಎಳೆ ಚೈನಿಗೆ ಸಿಕ್ಕಿದರೆ ಅದು ಬೆರಳನ್ನೂ ಎಳೆದುಕೊಂಡು ಹಲ್ಲುಚಕ್ರಕ್ಕೆ ಕೊಡುತ್ತದೆ. ಕೈ ಹಿಂದೆಗೆಯಲು ಸಮಯವೇ ಇರುವುದಿಲ್ಲ.

ಇಂಜಿನ್ ನಿಲ್ಲಿಸಿ, ಕೀ ತೆಗೆದು ಕಿಸೆಗೆ ಹಾಕಿಕೊಂಡು, ನ್ಯೂಟ್ರಲ್‌ನಲ್ಲಿ ಚಕ್ರವನ್ನು ಕೈಯಿಂದ ತಿರುಗಿಸಿ ತೊಳೆಯಲಿ. ನಿಧಾನವಾಗಿ ತಿರುಗಿಸುವಾಗ ಸಡಿಲಾದ ಕಡ್ಡಿ, ಅಲಾಯ್ ಮೇಲಿನ ಬಿರುಕು, ಟೈರಿಗೆ ಚುಚ್ಚಿದ ಮೊಳೆ ಎಲ್ಲ ಕಣ್ಣಿಗೆ ಬೀಳುತ್ತವೆ. ಬಿರುಕು ಕಂಡರೆ ಆ ಬೈಕು ಮೆಕ್ಯಾನಿಕ್ ನೋಡುವವರೆಗೆ ರಸ್ತೆಗೆ ಇಳಿಯಬಾರದು. ಲೋಹಗಳ ಪಾಠ ಮುಗಿಸುವ ದಿನ ಇದಕ್ಕೆ ಐದು ನಿಮಿಷ ಕೊಡಿ. ಮುಂದಿನ ಭಾನುವಾರ ಯಾರ ಮನೆಯಲ್ಲಿ ಯಾವ ಬೈಕು ತೊಳೆಯುವುದಿದೆಯೋ ನಮಗೆ ಗೊತ್ತಿಲ್ಲವಲ್ಲ.